ಬ್ರಿಡ್ಜ್ ಎದ್ದು ನಿಂತಿದೆ, ಏನು ಮಾಡಲಿ?

ಎಲೆಕ್ಟ್ರಿಕ್ ಗಿಟಾರ್‌ನ ಟ್ರೆಮೊಲೊ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಲ ಕೇಳಿದ್ದೆ. ಟ್ರೆಮೊಲೊ ಅಂದರೆ ಬ್ರಿಡ್ಜ್ ಅನ್ನು, ಅಂದರೆ ತಂತಿಗಳ ಕೆಳತುದಿ ಕೂರುವ ಲೋಹದ ಭಾಗವನ್ನು, ಒಂದು ಕಡ್ಡಿಯಿಂದ ಅಲುಗಿಸಿ ಸ್ವರ ಏರಿಳಿಸುವ ವ್ಯವಸ್ಥೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಗದ ಬಗ್ಗೆ ಇವೆ: ಗಿಟಾರ್‌ನ ಬೆನ್ನಿನ ಮೇಲಿರುವ ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗಿರುವ ಸ್ಪ್ರಿಂಗ್‌ಗಳು. 22 ವರ್ಷದಿಂದ ಗಿಟಾರ್ ರಿಪೇರಿ ಮಾಡುತ್ತಿದ್ದೇನೆ. ಶ್ರುತಿ ನಿಲ್ಲುತ್ತಿಲ್ಲ ಅಂತ ನನ್ನ ಬಳಿಗೆ ಬರುವ ಎಷ್ಟೋ ಗಿಟಾರ್‌ಗಳಲ್ಲಿ ಆ ಮುಚ್ಚಳವನ್ನು ಯಾರೂ ಒಮ್ಮೆಯೂ ತೆಗೆದಿರುವುದಿಲ್ಲ. ಸ್ಕ್ರೂಗಳ ತಲೆ ಹೊಸದರಂತೆ ಹೊಳೆಯುತ್ತಿರುತ್ತದೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ನನ್ನದು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರ್. ಮೊದಲು 9ರ ಸೆಟ್ ತಂತಿ ಇತ್ತು. ಹೋದ ತಿಂಗಳು ಅದಕ್ಕಿಂತ ದಪ್ಪದ 10ರ ಸೆಟ್ ಹಾಕಿದೆ. ಈಗ ಬ್ರಿಡ್ಜ್‌ನ ಹಿಂಭಾಗ ಎದ್ದು ನಿಂತಿದೆ. ತಂತಿಗಳು ಕತ್ತಿನ ಮೇಲಿನ ಫ್ರೆಟ್ ಪಟ್ಟಿಗಳಿಂದ ತುಂಬಾ ಮೇಲಿವೆ, ಶ್ರುತಿಯೂ ನಿಲ್ಲುತ್ತಿಲ್ಲ. ಹೊಸ ಸ್ಪ್ರಿಂಗ್ ಸೆಟ್ ಹಾಕಿಸು ಅಂತ ಸ್ನೇಹಿತ ಹೇಳಿದ. ಹಾಕಿಸಲಾ?
– ಬಿ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಈಗಲೇ ಬೇಡ. ನಿಮ್ಮ ಗಿಟಾರ್‌ನಲ್ಲಿ ಇರುವ ಸ್ಪ್ರಿಂಗ್‌ಗಳೇ ಸಾಕು. ಅವನ್ನು ಸ್ವಲ್ಪ ಬಿಗಿ ಮಾಡಬೇಕು, ಅಷ್ಟೇ.

ಮೊದಲು ಒಳಗೆ ಏನು ನಡೆಯುತ್ತಿದೆ ಅಂತ ನೋಡೋಣ. ನಿಮ್ಮ ಬ್ರಿಡ್ಜ್ ಒಂದು ತಕ್ಕಡಿ ಇದ್ದ ಹಾಗೆ. ಒಂದು ಕಡೆಯಿಂದ ತಂತಿಗಳು ಎಳೆಯುತ್ತವೆ, ಇನ್ನೊಂದು ಕಡೆಯಿಂದ ಸ್ಪ್ರಿಂಗ್‌ಗಳು. 25.5 ಇಂಚಿನ ಸ್ಕೇಲ್‌ನ (ಮಿಡಿಯುವ ತಂತಿಯ ಉದ್ದ) ಗಿಟಾರ್‌ನಲ್ಲಿ ಮಾಮೂಲಿ ಶ್ರುತಿ ಇಟ್ಟರೆ 9ರಿಂದ 42ರ ಸೆಟ್‌ನ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ) ಆರು ತಂತಿಗಳೂ ಸೇರಿ ಸುಮಾರು 38 ಕೆ.ಜಿ. ಎಳೆಯುತ್ತವೆ. 10ರಿಂದ 46ರ ಸೆಟ್ ಆದರೆ ಸುಮಾರು 47 ಕೆ.ಜಿ. ಒಂದೇ ದಿನದಲ್ಲಿ ತಂತಿಯ ಕಡೆ 8–9 ಕೆ.ಜಿ. ಜಾಸ್ತಿಯಾಯಿತು. ಸ್ಪ್ರಿಂಗ್ ಕಡೆ ಏನೂ ಬದಲಾಗಲಿಲ್ಲ. ಬ್ರಿಡ್ಜ್ ಮುಂದಕ್ಕೆ ವಾಲದೆ ಇನ್ನೇನು ಮಾಡೀತು?

ಅಷ್ಟು ಸಣ್ಣ ಮೂರು ಸ್ಪ್ರಿಂಗ್ 47 ಕೆ.ಜಿ. ಹೇಗೆ ತಡೆಯುತ್ತವೆ ಅಂತ ಸುಮಾರು ಜನ ಕೇಳುತ್ತಾರೆ. ಅದು ಸನ್ನೆಯ ಕೆಲಸ. ಬ್ರಿಡ್ಜ್ ತಿರುಗುವ ಅಂಚಿಗೆ ತಂತಿಗಳು ತುಂಬಾ ಹತ್ತಿರ ಇವೆ. ಸ್ಪ್ರಿಂಗ್‌ಗಳು ಬ್ರಿಡ್ಜ್ ಕೆಳಗಿನ ಲೋಹದ ಬ್ಲಾಕ್‌ನ ತುದಿಯನ್ನು ಹಿಡಿದಿವೆ, ಅದು ಆ ಅಂಚಿನಿಂದ ಎಷ್ಟೋ ದೂರ. ಉದ್ದದ ಹಾರೆ ಹಿಡಿದು ಒಬ್ಬನೇ ಬಂಡೆ ಎಬ್ಬಿಸುವುದಿಲ್ಲವೇ, ಹಾಗೆ.

ಈಗ ಕೆಲಸ. ಹಿಂದಿನ ಮುಚ್ಚಳ ತೆಗೆಯಿರಿ. ಕತ್ತಿನ ಕಡೆಗೆ ಒಂದು ಬಾಗಿದ ತಗಡು ಕಾಣುತ್ತದೆ, ಅದರಲ್ಲಿ ಐದು ಕೊಂಡಿ. ಇದನ್ನು ಕ್ಲಾ ಅನ್ನುತ್ತಾರೆ. ಎರಡು ಉದ್ದ ಸ್ಕ್ರೂ ಇದನ್ನು ಮರಕ್ಕೆ ಹಿಡಿದಿವೆ. ಒಂದು ಕಪ್ಪು ವೈರ್ ಇದಕ್ಕೆ ಬೆಸುಗೆ ಹಾಕಿದೆ. ಅದು ಅರ್ತ್ ವೈರ್. ಅದರ ಮೇಲೆ ಕಣ್ಣಿರಲಿ. ಕ್ಲಾ ಸರಿಯುವಾಗ ವೈರ್ ಬಿಗಿಯಾಗಿ ಎಳೆದುಕೊಂಡರೆ ಬೆಸುಗೆ ಕಿತ್ತು ಬರುತ್ತದೆ, ಆಂಪ್‌ನಲ್ಲಿ (ಆಂಪ್ಲಿಫೈಯರ್) ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ.

ತಂತಿಗಳನ್ನು ಒಂದು ಸ್ವರದಷ್ಟು ಇಳಿಸಿ. ಬಿಗಿ ಇರುವಾಗಲೇ ಸ್ಕ್ರೂ ತಿರುಗಿಸಿದರೆ ಬ್ರಿಡ್ಜ್ ಹಿಂದಕ್ಕೆ ಬರುತ್ತದೆ, ತಂತಿಗಳು ಶ್ರುತಿ ಮೀರಿ ಏರುತ್ತವೆ, ತೆಳು ತಂತಿ ಪಟ್ಟಂತ ಹೋಗುತ್ತದೆ. ಇಳಿಸಿದ ಮೇಲೆ ಎರಡೂ ಸ್ಕ್ರೂಗಳನ್ನು ಬಲಕ್ಕೆ ಅರ್ಧ ಸುತ್ತು ತಿರುಗಿಸಿ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ದೊಡ್ಡ ಸ್ಟಾರ್ ಡ್ರೈವರ್ ಬೇಕು, ಸಣ್ಣದು ತಲೆಯನ್ನು ಸವೆಸುತ್ತದೆ. ಮತ್ತೆ ಶ್ರುತಿ ಮಾಡಿ. ಬ್ರಿಡ್ಜ್ ಪಕ್ಕದಿಂದ ನೋಡಿ. ಇನ್ನೂ ಎದ್ದಿದ್ದರೆ ಮತ್ತೆ ಇಳಿಸಿ, ಇನ್ನು ಕಾಲು ಸುತ್ತು, ಮತ್ತೆ ಶ್ರುತಿ. ನಾಲ್ಕೈದು ಸಲ ಆಗಬಹುದು. ಇಲ್ಲಿ ಅವಸರ ಮಾಡಬೇಡಿ. ಒಂದು ತಂತಿ ಶ್ರುತಿಗೆ ಬಂದಾಗ ಉಳಿದ ಐದೂ ಸ್ವಲ್ಪ ಇಳಿಯುತ್ತವೆ. ಆರೂ ಶ್ರುತಿಗೆ ಬರುವವರೆಗೆ ಬ್ರಿಡ್ಜ್ ಎಲ್ಲಿ ನಿಲ್ಲುತ್ತದೆ ಅಂತ ಹೇಳಲು ಆಗುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು? ಆರು ಸ್ಕ್ರೂಗಳ ಹಳೆಯ ಮಾದರಿಯ ಬ್ರಿಡ್ಜ್ ಆದರೆ ಹಿಂಭಾಗದ ಅಂಚು ಮರದಿಂದ ಸುಮಾರು 3.2 ಮಿ.ಮೀ. ಮೇಲಿರಲಿ ಅನ್ನುವುದು ಫೆಂಡರ್ ಕಂಪನಿಯೇ ಕೊಡುವ ಅಳತೆ. ಎರಡು ಕಂಬದ ಹೊಸ ಮಾದರಿಗೆ ಸುಮಾರು 2.4 ಮಿ.ಮೀ. ಅಳೆಯಲು ಸುಲಭ ದಾರಿ: ಆ ದಪ್ಪದ ಡ್ರಿಲ್ ಬಿಟ್‌ನ ನುಣುಪು ಭಾಗವನ್ನು ಬ್ರಿಡ್ಜ್ ಕೆಳಗೆ ತೂರಿಸಿ. ಒತ್ತದೆ, ಅಲ್ಲಾಡದೆ ಕೂತರೆ ಸರಿ. ಟ್ರೆಮೊಲೊ ಕಡ್ಡಿಯನ್ನು ಕೆಳಕ್ಕೆ ಮಾತ್ರ ಒತ್ತುವವರಾದರೆ ಬ್ರಿಡ್ಜ್ ಮರಕ್ಕೆ ತಾಗುವ ಹಾಗೆಯೇ ಬಿಗಿ ಮಾಡಿಕೊಳ್ಳಿ. ಅದರಲ್ಲಿ ತಪ್ಪೇನೂ ಇಲ್ಲ, ಶ್ರುತಿ ಇನ್ನೂ ಚೆನ್ನಾಗಿ ನಿಲ್ಲುತ್ತದೆ.

ಇದೆಲ್ಲ ಮುಗಿದ ಮೇಲೆ ತಂತಿಯ ಎತ್ತರ ನೋಡಿ, ಆಮೇಲೆ ಇಂಟೊನೇಷನ್, ಅಂದರೆ ಕತ್ತಿನುದ್ದಕ್ಕೂ ಸ್ವರ ಸರಿಯಾಗಿ ಬರುತ್ತದೆಯೇ ಅಂತ. ಮೊದಲೇ ಸ್ಯಾಡಲ್‌ಗಳನ್ನು (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರುವ ತುಂಡುಗಳು) ಮುಟ್ಟಿದ್ದರೆ ಮತ್ತೆ ಮಾಡಬೇಕಾಗುತ್ತದೆ. ನೀವು ಬರೆದ ಎತ್ತರದ ತೊಂದರೆಯಲ್ಲಿ ಬಹುಪಾಲು ಬ್ರಿಡ್ಜ್ ಇಳಿದಾಗಲೇ ಹೋಗಿರುತ್ತದೆ.

ಸ್ಕ್ರೂ ಪೂರ್ತಿ ಒಳಗೆ ಹೋದರೂ ಬ್ರಿಡ್ಜ್ ಇಳಿಯದಿದ್ದರೆ ನಾಲ್ಕನೇ ಸ್ಪ್ರಿಂಗ್ ಹಾಕಿ, ಕ್ಲಾ ಸಡಿಲಿಸಿ. ಒಂದು ವಿಷಯ ಗೊತ್ತಿರಲಿ. ನಾಲ್ಕು ಸ್ಪ್ರಿಂಗ್ ಸಡಿಲವಾಗಿ ಎಳೆದರೂ, ಮೂರು ಬಿಗಿಯಾಗಿ ಎಳೆದರೂ ಒಟ್ಟು ಬಲ ಅಷ್ಟೇ, ಬ್ರಿಡ್ಜ್ ನಿಲ್ಲುವ ಜಾಗವೂ ಅದೇ. ಕೈಗೆ ಮಾತ್ರ ಬೇರೆ ಅನ್ನಿಸುತ್ತದೆ. ನಾಲ್ಕು ಇದ್ದರೆ ಕಡ್ಡಿ ಗಟ್ಟಿ, ಆದರೆ ಒಂದು ತಂತಿಯನ್ನು ಬೆಂಡ್ ಮಾಡಿದಾಗ (ಬೆರಳಿನಿಂದ ಪಕ್ಕಕ್ಕೆ ಎಳೆದು ಸ್ವರ ಏರಿಸಿದಾಗ) ಉಳಿದವು ಅಷ್ಟಾಗಿ ಇಳಿಯುವುದಿಲ್ಲ. ಮೂರು ಇದ್ದರೆ ಕಡ್ಡಿ ಬೆಣ್ಣೆಯಂತೆ ಸಾಗುತ್ತದೆ, ಬೆಂಡ್‌ನಲ್ಲಿ ಉಳಿದ ತಂತಿಗಳು ಜಾಸ್ತಿ ಕುಸಿಯುತ್ತವೆ. ನನ್ನ ಗಿಟಾರ್‌ನಲ್ಲಿ 10ರ ತಂತಿ, ಮೂರು ಸ್ಪ್ರಿಂಗ್.

ಪ್ರಶ್ನೆ: ಕ್ಲಾ ಸ್ಕ್ರೂ ತುಕ್ಕು ಹಿಡಿದಿದೆ, ಒಂದು ಚೂರೂ ತಿರುಗುತ್ತಿಲ್ಲ. ಇನ್ನೊಂದು ಸ್ಕ್ರೂ ಸುಮ್ನೆ ತಿರುಗುತ್ತಲೇ ಇರುತ್ತದೆ, ಹಿಡಿತವೇ ಇಲ್ಲ. ಸಮುದ್ರದಿಂದ ಅರ್ಧ ಕಿ.ಮೀ. ದೂರದಲ್ಲಿ ನಮ್ಮ ಮನೆ.
– ಶಾಲಾ ಶಿಕ್ಷಕ, ಕುಂದಾಪುರ

ಉತ್ತರ: ಕರಾವಳಿಯಿಂದ ಬರುವ ಗಿಟಾರ್‌ಗಳಲ್ಲಿ ನಾನು ಮೊದಲು ನೋಡುವುದೇ ಈ ಎರಡು ಸ್ಕ್ರೂಗಳನ್ನು. ದಯವಿಟ್ಟು ಬಲ ಹಾಕಬೇಡಿ. ಶುರುವಿನ ದಿನಗಳಲ್ಲಿ ನಾನು ಬಲ ಹಾಕಿದ್ದೆ. ಚರ್ಚ್‌ನಲ್ಲಿ ನುಡಿಸುವ ಹುಡುಗನೊಬ್ಬನ ಗಿಟಾರ್ ಅದು, ಭಾನುವಾರ ಬೆಳಗ್ಗೆ ಅವನಿಗೆ ಬೇಕಿತ್ತು. ಶನಿವಾರ ರಾತ್ರಿ ಸ್ಕ್ರೂ ಟಿಕ್ ಅಂತ ಮುರಿಯಿತು. ತಲೆ ನನ್ನ ಕೈಯಲ್ಲಿ, ಉಳಿದದ್ದು ಮರದೊಳಗೆ. ಆ ಸದ್ದು ಇವತ್ತಿಗೂ ನೆನಪಿದೆ. ಮುರಿದ ತುಂಡಿನ ಸುತ್ತ ಟೊಳ್ಳು ಡ್ರಿಲ್‌ನಿಂದ ಕೊರೆದು, ಮರದ ಬೆಣೆ ಅಂಟಿಸಿ, ಹೊಸ ತೂತು ಹಾಕುವುದಕ್ಕೆ ಎರಡು ದಿನ ಹಿಡಿಯಿತು. ಅವನು ಆ ಭಾನುವಾರ ಯಾರದೋ ಗಿಟಾರ್ ಕೇಳಿಕೊಂಡು ನುಡಿಸಿದ. ಅದು ನನ್ನ ತಪ್ಪು.

ಈಗ ನಾನು ಮಾಡುವುದು ಹೀಗೆ. ತಂತಿ ಪೂರ್ತಿ ಸಡಿಲಿಸಿ, ಸ್ಪ್ರಿಂಗ್‌ಗಳನ್ನು ಮೂತಿ ಇಕ್ಕಳದಿಂದ ಬಿಡಿಸಿಡುತ್ತೇನೆ. ಕನ್ನಡಕ ಹಾಕಿಕೊಳ್ಳಿ, ಸ್ಪ್ರಿಂಗ್ ಹಾರಿದರೆ ನೇರ ಮುಖಕ್ಕೇ ಬರುತ್ತದೆ. ಆಮೇಲೆ ಬೆಸುಗೆ ಹಾಕುವ ಐರನ್‌ನ ತುದಿಯನ್ನು ಸ್ಕ್ರೂ ತಲೆಯ ಮೇಲೆ ಒಂದೆರಡು ನಿಮಿಷ ಇಡುತ್ತೇನೆ. ಬಿಸಿ ಸ್ಕ್ರೂ ಮೂಲಕ ಒಳಗೆ ಇಳಿಯುತ್ತದೆ, ಸುತ್ತ ಕಚ್ಚಿಕೊಂಡಿರುವ ಮರ ಮತ್ತು ತುಕ್ಕು ಸಡಿಲವಾಗುತ್ತವೆ. ಮರ ಬಿಸಿಯಾದ ವಾಸನೆ ಸಣ್ಣಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ತಣ್ಣಗಾದ ಮೇಲೆ ಮೊದಲು ಬಲಕ್ಕೆ ಒಂದು ಕೂದಲೆಳೆಯಷ್ಟು, ಆಮೇಲೆ ಎಡಕ್ಕೆ. ಹಿಂದೆ ಮುಂದೆ ಆಡಿಸುತ್ತಾ ಹೊರಗೆ ತನ್ನಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಬೇಡಿ. ಅದು ಮರಕ್ಕೆ ಇಂಗುತ್ತದೆ, ಆಮೇಲೆ ಅಲ್ಲಿ ಅಂಟು ಹಿಡಿಯುವುದಿಲ್ಲ.

ಹಿಡಿತ ಬಿಟ್ಟಿರುವ ತೂತಿಗೆ ಊದುಬತ್ತಿಯ ಬಿದಿರು ಕಡ್ಡಿ ಅಥವಾ ಟೂತ್‌ಪಿಕ್ ಸಾಕು. ಫೆವಿಕಾಲ್‌ನಲ್ಲಿ ಅದ್ದಿ, ತೂತು ತುಂಬುವಷ್ಟು ತೂರಿಸಿ, ಒಂದು ದಿನ ಒಣಗಲು ಬಿಡಿ. ಮೇಲೆ ಉಳಿದದ್ದನ್ನು ಕತ್ತರಿಸಿ, ನಡುವೆ ತೆಳು ಬಿಟ್‌ನಿಂದ ದಾರಿ ಮಾಡಿಕೊಂಡು ಸ್ಕ್ರೂ ಹಾಕಿ. ತೂತು ತುಂಬಾ ಅಗಲವಾಗಿದ್ದರೆ ಕಡ್ಡಿಯ ಉಪಾಯ ಸಾಲದು, ಗಟ್ಟಿ ಮರದ ಬೆಣೆಯೇ ಬೇಕು. ಈ ಎರಡು ಸ್ಕ್ರೂಗಳು ಹಗಲೂ ರಾತ್ರಿ ಎಳೆತ ತಡೆಯುತ್ತಿರುತ್ತವೆ ಅಲ್ವಾ, ಆದ್ದರಿಂದ ತಾತ್ಕಾಲಿಕ ರಿಪೇರಿ ಇಲ್ಲಿ ಬಾಳುವುದಿಲ್ಲ.

ಹೊಸ ಸ್ಕ್ರೂ ಹಾಕುವಾಗ ಸ್ಟೇನ್‌ಲೆಸ್ ಸ್ಟೀಲ್‌ನದನ್ನೇ ತನ್ನಿ. ನೀವು ದುಡ್ಡು ಹಾಕಲೇಬೇಕಾದ ಅಪ್‌ಗ್ರೇಡ್ ಅಂದರೆ ಇದೇ, ಬೆಲೆಯೂ ಕಡಿಮೆ. ಒಂದು ಎಚ್ಚರಿಕೆ: ಸ್ಟೇನ್‌ಲೆಸ್ ಸ್ವಲ್ಪ ಮೆದು, ಬಿಗಿ ತೂತಿಗೆ ಒತ್ತಿ ತಿರುಗಿಸಿದರೆ ತಲೆ ಹಾಳಾಗುತ್ತದೆ. ಎಳೆಗಳಿಗೆ ಮೇಣದಬತ್ತಿ ಉಜ್ಜಿ ಹಾಕಿ. ಬಡಗಿಗಳು ಸೋಪು ಉಜ್ಜುತ್ತಾರೆ. ನಿಮ್ಮ ಊರಿಗೆ ಅದು ಬೇಡ, ಸೋಪು ತೇವ ಹೀರಿ ಮತ್ತೆ ತುಕ್ಕು ತರುತ್ತದೆ.

ಪ್ರಶ್ನೆ: ಟ್ರೆಮೊಲೊ ಅಂದರೆ ಧ್ವನಿ ಜಾಸ್ತಿ ಕಡಿಮೆ ಆಗುವುದು ಅಂತ ಓದಿದ್ದೆ. ಇಲ್ಲಿ ಸ್ವರವೇ ಮೇಲೆ ಕೆಳಗೆ ಆಗುತ್ತದಲ್ಲ?
– ಓದುಗರು, ಚಿಕ್ಕಮಗಳೂರು

ಉತ್ತರ: ನೀವು ಓದಿದ್ದು ಸರಿ. ಸ್ವರ ಅಲುಗುವುದಕ್ಕೆ ವೈಬ್ರಾಟೊ ಅನ್ನಬೇಕು. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ 1954ರಲ್ಲಿ ಸ್ಟ್ರಾಟೊಕಾಸ್ಟರ್ ತಂದಾಗ ಇದಕ್ಕೆ ಟ್ರೆಮೊಲೊ ಅಂತ ಹೆಸರಿಟ್ಟರು. ಅವರ ಆಂಪ್‌ಗಳಲ್ಲಿ ಧ್ವನಿ ಏರಿಳಿಸುವ ಸೌಲಭ್ಯಕ್ಕೆ ವೈಬ್ರಾಟೊ ಅಂತ ಬರೆದಿದ್ದರು. ಎರಡು ಹೆಸರೂ ಅದಲುಬದಲಾಗಿ ಹಾಗೇ ಉಳಿದುಕೊಂಡವು. ಅಂಗಡಿಯಲ್ಲಿ ಟ್ರೆಮೊಲೊ ಅಂತಲೇ ಕೇಳಿ.

ಪ್ರಶ್ನೆ: ಕಡ್ಡಿ ಬಿಟ್ಟಾಗಲೆಲ್ಲ ಹಿಂದೆ ಸ್ಪ್ರಿಂಗ್ ಝಣಝಣ ಅನ್ನುತ್ತದೆ. ಸದ್ದಿಲ್ಲದ ಸ್ಪ್ರಿಂಗ್, ಹಿತ್ತಾಳೆ ಕ್ಲಾ, ಕೈಯಲ್ಲೇ ತಿರುಗಿಸುವ ಚಕ್ರ ಇರುವ ಅಡ್ಜಸ್ಟರ್, ಸ್ಟೀಲ್ ಬ್ಲಾಕ್ ಎಲ್ಲವನ್ನೂ ಆನ್‌ಲೈನ್ ಬುಟ್ಟಿಗೆ ಹಾಕಿಟ್ಟಿದ್ದೇನೆ. ಯಾವುದು ಕೊಳ್ಳಲಿ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬುಟ್ಟಿಯನ್ನು ಒಂದು ವಾರ ಹಾಗೇ ಬಿಡಿ. ಮೊದಲು ಅಡುಗೆಮನೆಯ ಹಳೆ ಸ್ಪಂಜಿನಿಂದ ಪೆನ್ಸಿಲ್‌ಗಿಂತ ತೆಳುವಾದ ಪಟ್ಟಿ ಕತ್ತರಿಸಿ, ಪ್ರತಿ ಸ್ಪ್ರಿಂಗ್‌ನ ಒಳಗೆ ಎಳೆದು ಕೂರಿಸಿ. ಸುರುಳಿ ಹಿಗ್ಗುವುದಕ್ಕೆ ಅಡ್ಡಿ ಇಲ್ಲ, ಝೇಂಕಾರ ಮಾತ್ರ ನಿಲ್ಲುತ್ತದೆ. ಸ್ಪಂಜು ಬೇಡ ಅಂದರೆ ಎಸ್‌.ಪಿ. ರೋಡ್‌ನಲ್ಲಿ ಹೀಟ್ ಶ್ರಿಂಕ್ ಟ್ಯೂಬ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಸ್ಪ್ರಿಂಗ್ ಮೇಲೆ ತೊಡಿಸಿ, ಪೂರ್ತಿ ಕುಗ್ಗಿಸದೆ ಸ್ವಲ್ಪ ಸಡಿಲವಾಗಿಯೇ ಬಿಡಿ. ಅಂಗಡಿಯ ಸದ್ದಿಲ್ಲದ ಸ್ಪ್ರಿಂಗ್‌ಗಳಲ್ಲಿ ಹಲವು ಮಾಡುವುದೂ ಇದನ್ನೇ, ಸುರುಳಿಯ ಮೇಲೆ ಒಂದು ಲೇಪನ.

ಕೆಲವರಿಗೆ ಆ ಝೇಂಕಾರವೇ ಇಷ್ಟ, ಒಂದು ಸಣ್ಣ ರಿವರ್ಬ್ (ಪ್ರತಿಧ್ವನಿ) ಇದ್ದ ಹಾಗೆ ಅನ್ನುತ್ತಾರೆ. ಡಿಸ್ಟಾರ್ಷನ್ ಹಾಕಿ ನುಡಿಸುತ್ತಾ ಥಟ್ಟನೆ ನಿಲ್ಲಿಸುವವರಿಗೆ ಮಾತ್ರ ಅದು ನಿಜವಾದ ತೊಂದರೆ.

ಕೈಚಕ್ರದ ಅಡ್ಜಸ್ಟರ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇದೆ, ಆದರೆ ಎಲ್ಲರಿಗೂ ಬೇಕಿಲ್ಲ. ಐಬನೆಜ್ ಕಂಪನಿ ತನ್ನ ಕೆಲವು ಟ್ರೆಮೊಲೊಗಳಲ್ಲಿ ಇಂಥ ಚಕ್ರವನ್ನು ಕಾರ್ಖಾನೆಯಲ್ಲೇ ಹಾಕಿ ಕೊಡುತ್ತದೆ. ವಾರಕ್ಕೆ ಎರಡು ಸಲ ಶ್ರುತಿ ಬದಲಿಸುವವರಿಗೆ, ಬೇರೆ ಬೇರೆ ದಪ್ಪದ ತಂತಿ ಹಾಕಿ ನೋಡುವವರಿಗೆ ಅದು ವರದಾನ. ಸ್ಕ್ರೂ ಡ್ರೈವರ್ ಬೇಡ, ಮರದ ತೂತೂ ಸವೆಯುವುದಿಲ್ಲ. ವರ್ಷವಿಡೀ ಒಂದೇ ಸೆಟ್, ಒಂದೇ ಶ್ರುತಿ ಅಂದರೆ ಕ್ಲಾ ಸ್ಕ್ರೂ ಮುಟ್ಟುವುದೇ ವರ್ಷಕ್ಕೆ ಎರಡು ಸಲ. ಅದಕ್ಕೆ ಚಕ್ರ ಯಾಕೆ?

ಹಿತ್ತಾಳೆ ಕ್ಲಾ ಹಾಕಿದ ಗಿಟಾರ್‌ಗಳಲ್ಲಿ ನನ್ನ ಕಿವಿಗೆ ಏನೂ ವ್ಯತ್ಯಾಸ ಕೇಳಿಲ್ಲ. ಬ್ಲಾಕ್ ಬೇರೆ ಮಾತು. ಅಗ್ಗದ ಗಿಟಾರ್‌ಗಳಲ್ಲಿ ಬ್ಲಾಕ್ ತೆಳುವಾದ ಜಿಂಕ್ ಎರಕದ್ದು. ಗಟ್ಟಿಯಾದ ಸ್ಟೀಲ್ ಬ್ಲಾಕ್ ಹಾಕಿದಾಗ ತಂತಿ ಮೀಟಿದ ಮೊದಲ ಕ್ಷಣ ಸ್ಪಷ್ಟವಾಗಿ ಕೇಳುತ್ತದೆ, ಕಡ್ಡಿ ಕೂರುವ ತೂತೂ ಬಾಳಿಕೆ ಬರುತ್ತದೆ. ಕೊಳ್ಳುವ ಮುಂಚೆ ಸ್ಕ್ರೂ ತೂತುಗಳ ನಡುವಿನ ಅಂತರ ಮತ್ತು ಕುಳಿಯ ಆಳ ಅಳೆಯಿರಿ. ತೆಳು ಬಾಡಿಯ ಗಿಟಾರ್‌ಗೆ ಪೂರ್ಣ ಉದ್ದದ ಬ್ಲಾಕ್ ತಂದು, ಮುಚ್ಚಳ ಹಾಕಲಾಗದೆ ನನ್ನ ಹತ್ತಿರ ಬಂದವರು ಇದ್ದಾರೆ.

ಇನ್ನೊಂದು. ಕಡ್ಡಿ ಒತ್ತಿ ಬಿಟ್ಟ ಮೇಲೆ ಶ್ರುತಿ ವಾಪಸ್ ಬರುವುದಿಲ್ಲ ಅನ್ನುವವರು ಸ್ಪ್ರಿಂಗ್‌ಗೆ ದುಡ್ಡು ಹಾಕುವ ಮುಂಚೆ ನಟ್ ನೋಡಿ, ಅಂದರೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿ. ಒತ್ತಿ ಬಿಟ್ಟಾಗ ಶ್ರುತಿ ಮೇಲೆ ಉಳಿದರೆ ತಂತಿ ನಟ್‌ನಲ್ಲಿ ಸಿಕ್ಕಿಕೊಂಡಿದೆ ಅಂತಲೇ ನಾನು ಮೊದಲು ಅನುಮಾನಿಸುತ್ತೇನೆ. ಮೆತ್ತನೆ ಪೆನ್ಸಿಲ್‌ನ ಸೀಸವನ್ನು ಆ ಗೀರುಗಳಲ್ಲಿ ತಿಕ್ಕಿ. ಖರ್ಚು ಏನೂ ಇಲ್ಲ.

ಪ್ರಶ್ನೆ: ಮಗ 10ನೇ ತರಗತಿ. ಹಟ ಹಿಡಿದು ಫ್ಲಾಯ್ಡ್ ರೋಸ್ ಬ್ರಿಡ್ಜ್ ಇರುವ ಗಿಟಾರ್ ಕೊಡಿಸಿಕೊಂಡ. ಒಂದು ತಂತಿ ಹರಿದರೆ ಎಲ್ಲವೂ ಕೆಡುತ್ತದೆ. ಹಾಡಿಗೊಂದು ಡ್ರಾಪ್ ಡಿ ಅಂತಾನೆ, ಆಮೇಲೆ ಎರಡು ಗಂಟೆ ಶ್ರುತಿ ಮಾಡುತ್ತಾ ಕೂರುತ್ತಾನೆ. ಓದು ಹಿಂದೆ ಬೀಳುತ್ತಿದೆ. ಇದಕ್ಕೆ ಪರಿಹಾರ ಇದೆಯಾ?
– ತಂದೆ, ಹುಬ್ಬಳ್ಳಿ

ಉತ್ತರ: ಇದೆ. ಮಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ, ಆ ಬ್ರಿಡ್ಜ್‌ನ ಸ್ವಭಾವವೇ ಹಾಗೆ. 1970ರ ದಶಕದ ಕೊನೆಯಲ್ಲಿ ಫ್ಲಾಯ್ಡ್ ರೋಸ್ ಅನ್ನುವವರು ಮಾಡಿದ್ದು. ತಂತಿಯ ಎರಡೂ ತುದಿ, ನಟ್ ಹತ್ತಿರ ಮತ್ತು ಬ್ರಿಡ್ಜ್ ಹತ್ತಿರ, ಲಾಕ್ ಆಗಿರುತ್ತದೆ. ಬ್ರಿಡ್ಜ್ ಮರಕ್ಕೆ ತಾಗದೆ ಪೂರ್ತಿ ತೇಲುತ್ತಿರುತ್ತದೆ. ಒಂದು ತಂತಿ ಹರಿದರೆ ಎಳೆತ ಕಡಿಮೆಯಾಗಿ ಸ್ಪ್ರಿಂಗ್ ಗೆಲ್ಲುತ್ತದೆ, ಉಳಿದ ಐದೂ ಏರುತ್ತವೆ. ಡ್ರಾಪ್ ಡಿ ಅಂತ ದಪ್ಪ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸಿದರೂ ಅದೇ ಕಥೆ.

ಮೂರು ದಾರಿ ಇವೆ. ಅತಿ ಅಗ್ಗದ್ದು ಮರದ ತುಂಡು. ಬೆನ್ನಿನ ಕುಳಿಯಲ್ಲಿ ಬ್ಲಾಕ್ ಮತ್ತು ಮರದ ಗೋಡೆಯ ನಡುವೆ ಎರಡೂ ಕಡೆ ಅಳತೆಗೆ ಸರಿಯಾಗಿ ಕತ್ತರಿಸಿದ ಗಟ್ಟಿ ಮರ ಕೂರಿಸಿದರೆ ಬ್ರಿಡ್ಜ್ ಅಲುಗುವುದೇ ಇಲ್ಲ. ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತಮ್ಮ ಸ್ಟ್ರಾಟ್‌ಗಳಲ್ಲಿ ಐದೂ ಸ್ಪ್ರಿಂಗ್ ಹಾಕಿ, ಮರದ ತುಂಡು ಇಟ್ಟು ಹೀಗೇ ಕಟ್ಟಿ ಹಾಕುತ್ತಾರೆ. ಕಡ್ಡಿಯನ್ನು ಕೆಳಕ್ಕೆ ಒತ್ತುವ ಆಸೆ ಉಳಿಯಬೇಕು ಅಂದರೆ ಬ್ರಿಡ್ಜ್ ಮೇಲಕ್ಕೆ ಎಳೆಯದಂತೆ ಒಂದು ಕಡೆ ಮಾತ್ರ ತುಂಡು ಇಡಿ, ಸ್ಪ್ರಿಂಗ್ ಸ್ವಲ್ಪ ಜಾಸ್ತಿ ಬಿಗಿ ಮಾಡಿ. ಆಗ ತಂತಿ ಹರಿದರೂ ಉಳಿದವು ಶ್ರುತಿಯಲ್ಲೇ ಇರುತ್ತವೆ. ರಾಕ್ ವಾದಕ ಎಡ್ಡಿ ವ್ಯಾನ್ ಹ್ಯಾಲನ್ ಬಳಸುತ್ತಿದ್ದ ಡಿ-ಟ್ಯೂನಾ ಅನ್ನುವ ಸಣ್ಣ ಉಪಕರಣ, ಎಳೆದರೆ ಡಿ, ಒತ್ತಿದರೆ ಮತ್ತೆ ಇ, ಇಂಥ ಮೇಲಕ್ಕೇಳದ ಬ್ರಿಡ್ಜ್‌ನಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ.

ದುಡ್ಡು ಹಾಕುವ ಮನಸ್ಸಿದ್ದರೆ ಟ್ರೆಮೊಲ್-ನೋ ಅಂತ ಒಂದು ಸಿಗುತ್ತದೆ. ಕ್ಲಾ ಮತ್ತು ಬ್ಲಾಕ್ ನಡುವೆ ಒಂದು ಸರಳು, ಅದನ್ನು ಹಿಡಿಯುವ ಸಣ್ಣ ಕೈತಿರುಪುಗಳು. ತೇಲಲು ಬಿಡಬಹುದು, ಕೆಳಕ್ಕೆ ಮಾತ್ರ ಬಿಡಬಹುದು, ಪೂರ್ತಿ ನಿಲ್ಲಿಸಬಹುದು. ಕೂರಿಸುವಾಗ ಸರಳು ಸೊಟ್ಟ ಆಗದಂತೆ ಕ್ಲಾ ನೇರ ಇರಬೇಕು. ಇಲ್ಲದಿದ್ದರೆ ತೇಲುವಾಗ ತಿಕ್ಕುತ್ತದೆ.

ಪರೀಕ್ಷೆ ಮುಗಿಯುವವರೆಗೆ ಮರದ ತುಂಡು ಇಡಿ ಅನ್ನುವುದು ನನ್ನ ಸಲಹೆ. ಮಗನ ಕೈಯಲ್ಲೇ ಅದನ್ನು ಅಳತೆ ಮಾಡಿಸಿ, ಕತ್ತರಿಸಲು ಹೇಳಿ. ಒಂದು ಭಾನುವಾರ ಸಾಕು. ಅವನಿಗೆ ಎರಡು ಮಾತು ತಿಳಿಸಿ: ಕ್ಲಾ ಸ್ಕ್ರೂ ಮುಟ್ಟುವ ಮುಂಚೆ ನಟ್‌ನ ಲಾಕ್ ಸಡಿಲಿಸಬೇಕು. ತಂತಿ ಬಿಗಿ ಇರುವಾಗ ಮುಂದಿನ ಎರಡು ಕಂಬಗಳನ್ನು ತಿರುಗಿಸಬಾರದು. ಬ್ರಿಡ್ಜ್‌ನ ಚೂಪು ಅಂಚು ಆ ಕಂಬಗಳ ಮೇಲೆ ನಿಂತಿದೆ, ತಿಕ್ಕಿದರೆ ಮೊಂಡಾಗುತ್ತದೆ. ಆಮೇಲೆ ಯಾವ ಸ್ಪ್ರಿಂಗ್ ಹಾಕಿದರೂ ಶ್ರುತಿ ನಿಲ್ಲುವುದಿಲ್ಲ.

ಪ್ರಶ್ನೆ: ವೀಣೆ ಕಲಿಯುತ್ತಿದ್ದೇನೆ, ಗಿಟಾರ್ ಕೂಡ ಇದೆ. ಟ್ರೆಮೊಲೊ ಕಡ್ಡಿಯಲ್ಲಿ ಗಮಕ ತರಬಹುದಾ? ಸ್ಪ್ರಿಂಗ್ ಹೇಗಿರಬೇಕು?
– ವೀಣಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಈ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಸ್ವಲ್ಪ ಮಟ್ಟಿಗೆ ತರಬಹುದು. ವೀಣೆಯಲ್ಲಿ ನೀವು ಒಂದು ತಂತಿಯನ್ನು ಎಳೆದು ಗಮಕ ಹಿಡಿಯುತ್ತೀರಿ, ಉಳಿದವು ಕದಲುವುದಿಲ್ಲ. ಇಲ್ಲಿ ಕಡ್ಡಿ ಮುಟ್ಟಿದರೆ ಆರೂ ತಂತಿಗಳು ಸರಿಯುತ್ತವೆ, ಅದೂ ಒಂದೊಂದು ಒಂದೊಂದು ಅಳತೆಯಲ್ಲಿ. ಹಾಗಾಗಿ ಷಡ್ಜ ಪಂಚಮ ಹಿನ್ನೆಲೆಯಲ್ಲಿ ಮೀಟಿಕೊಂಡು ಮೇಲೆ ಗಮಕ ಮಾಡಲು ಆಗುವುದಿಲ್ಲ. ಆಂದೋಲನ, ಜಾರು ಇವೆಲ್ಲ ಎಡಗೈಯಲ್ಲೇ ಬರಬೇಕು. ಗಿಟಾರ್ ಪ್ರಸನ್ನ ಅವರು ಕರ್ನಾಟಕ ಸಂಗೀತ ನುಡಿಸುವಾಗ ಅವರ ಎಡಗೈಯನ್ನು ಗಮನಿಸಿ.

ಕಡ್ಡಿಯ ನಿಜವಾದ ಸೊಗಸು ಒಂಟಿ ಸ್ವರ ಹಿಡಿದು ನಿಂತಾಗ. ಅದಕ್ಕೆ ಬ್ರಿಡ್ಜ್ ತೇಲಬೇಕು, ಮೇಲಕ್ಕೂ ಕೆಳಕ್ಕೂ ಹೋಗಬೇಕು. ಗಿಟಾರ್ ವಾದಕ ಜೆಫ್ ಬೆಕ್ ಸ್ಟ್ರಾಟ್ ಅನ್ನು ಹಾಗೇ ಇಟ್ಟುಕೊಂಡು, ಕಡ್ಡಿಯನ್ನು ಬಲಗೈಯಲ್ಲಿ ಹಿಡಿದೇ ಹಾಡುವ ಹಾಗೆ ನುಡಿಸುತ್ತಿದ್ದರು. ಮೂರು ಸ್ಪ್ರಿಂಗ್ ಹಾಕಿ. ಕಡ್ಡಿಯನ್ನು ಪೂರ್ತಿ ಮೇಲಕ್ಕೆ ಎಳೆದಾಗ ಮೂರನೇ ತಂತಿ ಮೂರು ಅರ್ಧ ಸ್ವರ, ಎರಡನೇದು ಎರಡು, ಮೊದಲನೇದು ಒಂದು ಏರುವಂತೆ ಕ್ಲಾ ಸ್ಕ್ರೂ ಹೊಂದಿಸಿ. ದಪ್ಪ ತಂತಿಯ ಕಡೆಯ ಸ್ಕ್ರೂವನ್ನು ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಒಳಗೆ ಕಳಿಸಿ ನೋಡುವವರೂ ಇದ್ದಾರೆ. ಮೂರನೇ ತಂತಿಯಲ್ಲಿ ಗಾಂಧಾರ ಹಿಡಿದು, ಕಡ್ಡಿಯನ್ನು ಬೆರಳ ತುದಿಯಿಂದ ಮಾತ್ರ ಮುಟ್ಟಿ. ಆ ಕಂಪನ ಎಷ್ಟು ಮೆತ್ತಗೆ ಬರುತ್ತದೆ ಅಂತ ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಮಾಡಿ ನೋಡಿ, ನನಗೆ ಬರೆಯಿರಿ.

ಪ್ರಶ್ನೆ: ಸ್ಪ್ರಿಂಗ್‌ಗಳನ್ನು ವರ್ಷಕ್ಕೊಮ್ಮೆ ಬದಲಿಸಬೇಕಾ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡಿ. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅದರಲ್ಲಿ ಇನ್ನೂ ಜೀವ ಇದೆ. ಸುರುಳಿಗಳ ನಡುವೆ ಬೆಳಕು ಕಾಣುತ್ತಿದ್ದರೆ, ಕೊಂಡಿ ಸವೆದಿದ್ದರೆ, ತುಕ್ಕು ಒಳಗೆ ತಿಂದಿದ್ದರೆ ಬದಲಿಸಿ. ಬದಲಿಸುವಾಗ ಎಲ್ಲವನ್ನೂ ಒಂದೇ ಸೆಟ್‌ನಿಂದ ಹಾಕಿ. ಹಳೆಯದು ಎರಡು, ಹೊಸದು ಒಂದು ಅಂತ ಬೆರೆಸಿದರೆ ಕ್ಲಾ ಒಂದು ಕಡೆಗೆ ಎಳೆದುಕೊಂಡು ನಿಲ್ಲುತ್ತದೆ.